ನೂರು ಹಕ್ಕಿಗೆ ಎರಡು ಸಹಿ

ಕುಂಡೆ... ಕುಂಡೆ ಏನೋ ಒಂದು. ನೀರಿನ ಅಂಚಿನಲ್ಲಿ ಕಪ್ಪು ಬಿಳುಪಿನ ಸಣ್ಣ ಹಕ್ಕಿ, ನಿಂತಲ್ಲಿ ನಿಲ್ಲದೆ ಬಾಲ ಕುಣಿಸಿಕೊಂಡು ಓಡಾಡುತ್ತದಲ್ಲ, ಅದಕ್ಕೆ ನಮ್ಮ ಅಜ್ಜಿ ಒಂದು ಹೆಸರು ಹೇಳುತ್ತಿದ್ದಳು. ಮೊದಲರ್ಧ ನಾಲಿಗೆಯ ಮೇಲಿದೆ, ಉಳಿದರ್ಧ ಹೇಮಾವತಿ ದಡದಲ್ಲೇ ಉಳಿದುಬಿಟ್ಟಿದೆ. ನಾನು ಮದುವೆಯಾಗಿ ನಾಗಪುರಕ್ಕೆ ಬಂದು ಅರವತ್ತು ವರ್ಷವಾಯಿತು, ಇಲ್ಲಿ ಅದನ್ನು ಧೋಬಿ ಎನ್ನುತ್ತಾರೆ. ಕುಂಡೆಕುಸ್ಕ! ಹಾಂ, ಅದೇ. ನಾಲ್ಕು ಜನರ ಎದುರಿಗೆ ಹೇಳುವ ಹೆಸರಲ್ಲ ಅಂತಲೇ ಮರೆತಿದ್ದೆನೋ ಏನೋ.

ಹಕ್ಕಿ ನೋಡಲು ಹೋದವರಿಗೆ ಹಕ್ಕಿ ಸಿಗುತ್ತದೋ ಇಲ್ಲವೋ, ಮನುಷ್ಯರಂತೂ ತಪ್ಪದೆ ಸಿಗುತ್ತಾರೆ. ನಮಗೆ ಸಿಕ್ಕಷ್ಟು ಇನ್ನಾರಿಗೂ ಸಿಕ್ಕಿರಲಾರರು.

ನಮ್ಮ ಯಜಮಾನರು ಮೈಸೂರು ಪೇಟೆಯವರು. ರೈಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಹಕ್ಕಿಯ ಹುಚ್ಚು ಹಿಡಿಯಿತು. ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮರಾಠಿ ಮೇಷ್ಟ್ರಿಗೂ ಅದೇ ಹುಚ್ಚು. ಇಬ್ಬರೂ ಸೇರಿ ಒಂದು ದುರ್ಬೀನು ಕೊಂಡಿದ್ದರು. ಸೋಮವಾರದಿಂದ ಬುಧವಾರ ನಮ್ಮ ಮನೆಯಲ್ಲಿ, ಗುರುವಾರದಿಂದ ಶನಿವಾರ ಅವರ ಮನೆಯಲ್ಲಿ, ಭಾನುವಾರ ಜಗಳ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಡಿಸೆಂಬರ್ ನಾವು ನನ್ನ ತವರಿನ ಕಡೆ ಹೊರಟಾಗ ಮೇಷ್ಟ್ರು, "ವಹಿನಿ, ನಿಮ್ಮ ಸೀಮೆಯಲ್ಲಿ ಕಬ್ಬು ಬಿಟ್ಟರೆ ಏನಿದೆ? ಕಾಗೆ ಗುಬ್ಬಿ ಸೇರಿಸಿ ಐವತ್ತು ಹಕ್ಕಿ ಸಿಕ್ಕರೆ ಹೆಚ್ಚು" ಎಂದರು. ನನಗೆ ರೇಗಿತು. "ನೂರು" ಎಂದುಬಿಟ್ಟೆ. ಅಲ್ಲೇ ಪಣವಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಈ ನಾಲ್ಕು ತಾಲ್ಲೂಕಿನೊಳಗೆ, ಏಳು ಬೆಳಗಿನಲ್ಲಿ, ನೂರು ಬಗೆಯ ಹಕ್ಕಿ. ನೂರಾದರೆ ದುರ್ಬೀನು ಪೂರ್ತಿ ನಮ್ಮದು. ಒಂದು ಕಡಿಮೆಯಾದರೂ ಪೂರ್ತಿ ಅವರದು. ಪ್ರತಿ ಹಕ್ಕಿಯನ್ನೂ ಗಂಡ ಹೆಂಡತಿ ಇಬ್ಬರೂ ಕಣ್ಣಾರೆ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. "ನಿಮ್ಮ ಯಜಮಾನರ ಸಹಿ ಅಲಂಕಾರಕ್ಕೆ. ನನಗೆ ಬೇಕಾದ್ದು ನಿಮ್ಮದು. ವಹಿನಿ ಸುಳ್ಳಿಗೆ ಸಹಿ ಹಾಕೋದಿಲ್ಲ" ಎಂದರು ಮೇಷ್ಟ್ರು.

ಯಜಮಾನರಿಗೆ ದುರ್ಬೀನಿನ ಚಿಂತೆ. ನನಗೆ ತವರಿನ ಮಾನದ ಚಿಂತೆ.

ಆಚೆ ದಡದ ತಮ್ಮ

ಮೊದಲ ಬೆಳಗು ಶ್ರೀರಂಗಪಟ್ಟಣದ ಕಾವೇರಿ ದಂಡೆ. ಇನ್ನೂ ಮಂಜು ಪೂರ್ತಿ ಎದ್ದಿರಲಿಲ್ಲ. ಕಾಲುದಾರಿಯಲ್ಲಿ ಯಜಮಾನರು ಮುಂದೆ, ಪುಸ್ತಕ ಹಿಡಿದುಕೊಂಡು ನಾನು ಹಿಂದೆ. ಆಗೆಲ್ಲ ಆ ಹೊತ್ತಿಗೆ ಊರಿನ ಗಂಡಸರು ಚೊಂಬು ಹಿಡಿದು ಹೊಳೆದಂಡೆಗೆ ಬರುವುದು ರೂಢಿ. ನಾನು ಹುಟ್ಟಿ ಬೆಳೆದ ಸೀಮೆ, ನನಗಾದರೂ ನೆನಪಿರಬೇಕಿತ್ತು. ಇರಲಿಲ್ಲ.

ಯಜಮಾನರು ಒಂದು ಬಂಡೆಯ ಕಡೆಗೆ ದುರ್ಬೀನು ಹಿಡಿದು ಐದು ನಿಮಿಷ ಕದಲದೆ ನಿಂತರು. ಬಂಡೆಯ ಈಚೆಯ ಪೊದೆಯಿಂದ ಒಂದು ತಲೆ ಎದ್ದಿತು.

"ಯಾರ್‍ರೀ ಅದು? ಏನ್ ನೋಡ್ತಾ ಇದ್ದೀರಿ?"

"ನೀರುಕಾಗೆ. ಎರಡು ಥರ ಇದೆ ನೋಡಿ, ಸಣ್ಣದೊಂದು, ದೊಡ್ಡದೊಂದು."

"ನಾನಿಲ್ಲಿ ಕೂತಿರೋದು ಕಾಣಾಕಿಲ್ವಾ ನಿಮ್ಗೆ?"

ಯಜಮಾನರಿಗೆ ದುರ್ಬೀನಿನ ವಿಷಯ ಯಾರು ಎತ್ತಿದರೂ ಸಂತೋಷ. "ಕಾಣದೆ ಏನು? ಇದರಲ್ಲಿ ರೆಪ್ಪೆಯ ಕೂದಲು ಕೂಡ ಎಣಿಸಬಹುದು!" ಎಂದರು.

"ಬನ್ರಲಾ ಇಲ್ಲಿ!" ಎಂದ ಆತ. ಪೊದೆಪೊದೆಯಿಂದಲೂ ಒಬ್ಬೊಬ್ಬರು ಎದ್ದರು. ಎಲ್ಲರ ಕೈಯಲ್ಲೂ ಚೊಂಬು, ಎಲ್ಲರ ಮುಖದಲ್ಲೂ ಕೆಂಡ. ನಾನು ಓಡಿಹೋಗಿ ನಡುವೆ ನಿಂತೆ. "ಅಣ್ಣಾ, ನಾನು ಅಕ್ಕಿಹೆಬ್ಬಾಳಿನ ಹೆಣ್ಣುಮಗಳು. ಇವರಿಗೆ ಹಕ್ಕಿ ಬಿಟ್ಟರೆ ಬೇರೆ ಏನೂ ಕಾಣೋದಿಲ್ಲ, ನಾನು ಎದುರಿಗೆ ನಿಂತರೂ ಕಾಣೋದಿಲ್ಲ. ಬೇಕಾದರೆ ನೀವೇ ನೋಡಿ" ಎಂದು ದುರ್ಬೀನನ್ನು ಆತನ ಕೈಗೇ ಕೊಟ್ಟೆ.

ಆತ ಅನುಮಾನದಿಂದಲೇ ಕಣ್ಣಿಗೆ ಹಿಡಿದ. ಬಂಡೆ ನೋಡಿದ, ನೀರು ನೋಡಿದ, ಆಚೆ ದಡ ನೋಡಿದ. ಅಲ್ಲಿಗೇ ನಿಂತ.

"ಲೇ! ಗದ್ದೆಗೆ ನೀರ್ ಕಟ್ಟಕ್ ಓಯ್ತೀನಿ ಅಂತ ನಾಕ್ ಗಂಟೆಗೇ ಎದ್ ಬಂದೋನು ಮರದ್ ಬುಡದಾಗೆ ಮನೀಕ್ಕೊಂಡಿದ್ದೀಯೇನ್ಲಾ!"

ಆಚೆ ದಡದಲ್ಲಿದ್ದವನು ಅವನ ಸ್ವಂತ ತಮ್ಮ. ಅಣ್ಣನ ಕೂಗಿಗೆ ಹೊಳೆಯ ನೀರುಕಾಗೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ತಮ್ಮ ಮಾತ್ರ ಮಗ್ಗುಲು ಬದಲಿಸಿದ.

ನಲವತ್ತೊಂದನೆಯ ನಂಬರು

ಎರಡು ಬೆಳಗಿಗೆ ಮೂವತ್ತೈದು ಹಕ್ಕಿ. ಮೂರನೆಯ ದಿನ ಪಾಂಡವಪುರದ ನಾಲೆಯ ಏರಿ. ಎರಡು ಕಡೆಯೂ ಆಳೆತ್ತರದ ಕಬ್ಬು. ಒಂದು ಗದ್ದೆಯ ಅಂಚಿನಲ್ಲಿ ಮಡಿವಾಳ ಹಕ್ಕಿ ಸಿಕ್ಕಿತು, ಅದು ನಲವತ್ತು. ಪಕ್ಕದ ಗದ್ದೆಯೊಳಗೆ ಟುವ್ವಿ ಹಕ್ಕಿ ಕೂಗುತ್ತಿತ್ತು, ಹೊರಗೆ ಬರಲೊಲ್ಲದು. ಯಜಮಾನರು ತಲೆಗೆ ಖಾಕಿ ಟೋಪಿ ಹಾಕಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು, ಅರ್ಧ ಗಂಟೆ ಆ ಕಬ್ಬನ್ನೇ ನೋಡುತ್ತಾ ನಿಂತರು.

ಕಬ್ಬು ಬೆಳೆದವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಗದ್ದೆಯ ಕಬ್ಬು ಮೊದಲು ಕಡಿಯಬೇಕೆಂದು ಬರೆದುಕೊಳ್ಳಲು ಸಕ್ಕರೆ ಕಾರ್ಖಾನೆಯ ಕಡೆಯವರು ಬರುತ್ತಾರಲ್ಲ, ಥೇಟ್ ಅದೇ ವೇಷ.

ಗದ್ದೆಯ ಗೌಡರು ಓಡಿಬಂದರು. ಹಿಂದೆಯೇ ಎರಡು ಎಳನೀರು ಬಂತು, ಅದರ ಹಿಂದೆ ಒಂದು ಕಬ್ಬಿಣದ ಕುರ್ಚಿ, ಆಲೆಮನೆಯ ಬಿಸಿ ಬೆಲ್ಲ.

"ನಾವು ಹಕ್ಕಿ ನೋಡೋಕೆ ಬಂದಿರೋದು ಗೌಡರೇ" ಎಂದರು ಯಜಮಾನರು.

ಗೌಡರು ಕಣ್ಣು ಹೊಡೆದರು. "ಗೊತ್ತು ಬುಡಿ ಸಾ. ಓದ್ ಸಲ ಬಂದೋರು ಗಾಳಿ ಕುಡಿಯಾಕೆ ಬಂದಿವ್ನಿ ಅಂದಿದ್ರು."

ಅಷ್ಟರಲ್ಲಿ ಟುವ್ವಿ ಹೊರಬಂದು ಒಂದು ಗರಿಯ ತುದಿಯಲ್ಲಿ ಕೂತಿತು. ನಾವಿಬ್ಬರೂ ನೋಡಿದೆವು, ಬರೆದೆವು, ಸಹಿ ಹಾಕಿದೆವು. ಗೌಡರು ಬಗ್ಗಿ ಪುಸ್ತಕ ನೋಡಿದರು.

"ನಮ್ದು ನಲವತ್ತೊಂದಾ? ನಲವತ್ತು ಯಾರ್ದು?"

"ಪಕ್ಕದ ಗದ್ದೆಯದು."

ಗೌಡರ ಮುಖ ಕೆಂಪಾಯಿತು. "ಅದೆಂಗ್ ಸಾ? ನಾವ್ ನೆಟ್ಟು ಇಪ್ಪತ್ ದಿನ ಆದ್‍ಮ್ಯಾಕೆ ಅವ್ನು ನೆಟ್ಟಿದ್ದು!"

ಯಜಮಾನರು ಪುಸ್ತಕ ಬಿಡಿಸಿ, ನಂಬರಿನ ಪಕ್ಕ ತಾವೇ ಬರೆದಿದ್ದ ಚಿತ್ರ ತೋರಿಸಿದರು. "ನೋಡಿ, ಇದು ಕಬ್ಬಲ್ಲ, ಮಡಿವಾಳ ಹಕ್ಕಿ. ಅದು ಅವರ ಗದ್ದೆಯಲ್ಲಿ ಕೂತಿತ್ತು, ಅಷ್ಟೇ."

ಗೌಡರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಅನುಮಾನವೆಲ್ಲ ಹೋಯಿತು ಎಂದುಕೊಂಡೆ. ಅವರು ತಲೆಯೆತ್ತಿ, "ಈ ಹಕ್ಕೀನೂ ನಮ್ದೇ ಕಣ್ ಸಾ. ಗೂಡು ನಮ್ ಹಲಸಿನ ಮರದಾಗದೆ. ಹೊತ್ತಾರೆ ಮೇಯಾಕೆ ಅಲ್ಲಿಗೋಯ್ತದೆ. ನಂಬರ್ ತಿದ್ದಿ" ಎಂದರು.

ಎಳನೀರು ಕುಡಿದಾಗಿತ್ತು. ನಾನು ತಿದ್ದಿದೆ.

ಧ್ಯಾನಕ್ಕೆ ಕೂತ ಬೆಳ್ಳಕ್ಕಿ

ನಾಲ್ಕನೆಯ ಬೆಳಗು ನಾಗಮಂಗಲದ ಕಡೆ, ಲೋಕಪಾವನಿ ಹೊಳೆ. ಸಣ್ಣ ಹೊಳೆ, ಆಚೆಗೂ ಈಚೆಗೂ ಹೊಂಗೆ ಮರಗಳು. ದೂರದ ತಿರುವಿನಲ್ಲಿ ಒಂದು ಮೋಟುಮರದ ತುದಿಯಲ್ಲಿ ಬೆಳ್ಳಗೆ ಏನೋ ಕೂತಿತ್ತು. ಬೆಳ್ಳಕ್ಕಿಯಲ್ಲಿ ದೊಡ್ಡದು, ನಡುವಿನದು, ಸಣ್ಣದು ಅಂತ ಮೂರಿವೆ. ಸಣ್ಣದೂ ದೊಡ್ಡದೂ ಆಗಲೇ ಬರೆದಾಗಿತ್ತು. "ಇದು ನಡುವಿನದು. ಕತ್ತು ಮಡಿಸಿಕೊಂಡು ಧ್ಯಾನಕ್ಕೆ ಕೂತಿದೆ. ಕೊಕ್ಕು ತಿರುಗಿಸಿದರೆ ಗುರುತು ಹಿಡಿಯಬಹುದು" ಎಂದರು ಯಜಮಾನರು.

ಕೊಕ್ಕು ತಿರುಗಿಸುವುದನ್ನು ಕಾಯುತ್ತಾ ಕೂತೆವು. ಅದರ ಪಕ್ಕದಲ್ಲೇ ಒಬ್ಬಾತ ಹೊಳೆಗೆ ಎತ್ತು ಇಳಿಸಿಕೊಂಡು ಮೈ ತೊಳೆಯುತ್ತಿದ್ದ. ಅವನು ಅಷ್ಟು ಹತ್ತಿರವಿದ್ದರೂ ಹಕ್ಕಿ ಹೆದರಲಿಲ್ಲ. "ನೋಡು, ಮನುಷ್ಯರೂ ಪಕ್ಷಿಗಳೂ ಎಷ್ಟು ಹೊಂದಿಕೊಂಡಿದ್ದಾರೆ! ಇದೇ ನಮ್ಮ ಹಳ್ಳಿಗಳ ದೊಡ್ಡತನ" ಎಂದು ಯಜಮಾನರು ಭಾವುಕರಾದರು. ತವರನ್ನು ಹೊಗಳಿದ್ದರಿಂದ ನಾನೂ ತಲೆಯಾಡಿಸಿದೆ. ಮುಕ್ಕಾಲು ಗಂಟೆಯಾಯಿತು. ಯಜಮಾನರು ತಾಳಲಾರದೆ ಅರವತ್ತೊಂದು ಎಂದು ಬರೆದೇಬಿಟ್ಟರು. ನಾನೂ ಸಹಿ ಹಾಕಿದೆ.

ಆಗ ಎತ್ತಿನವನು ನಮ್ಮ ಕಡೆ ಕೈಬೀಸಿ ಕೂಗಿದ: "ಸಾ, ನೀವ್ ಫೋಟೋ ಇಡ್ಕಂಡ್ ಆಗಿದ್ರೆ ಯೋಳಿ, ನನ್ ಬನೀನ್ ತಕ್ಕೊತೀನಿ. ಅಡ್ಡ ಬರಬಾರ್ದು ಅಂತ ಮೂರ್ ಸಲ ಎತ್ತು ತೊಳೆದೆ!"

ಪುಸ್ತಕದಲ್ಲಿ ಅರವತ್ತೊಂದನ್ನು ಹೊಡೆದುಹಾಕಿದೆವು. ಎತ್ತುಗಳು ಮಾತ್ರ ಅಂದು ನಿಜವಾದ ಬೆಳ್ಳಕ್ಕಿಗಿಂತ ಬೆಳ್ಳಗೆ ಮನೆಗೆ ಹೋದವು.

ನೋಡಿದವರು ತಳ್ಳಿ

ಐದನೆಯ ದಿನ ನಾಗಮಂಗಲದಿಂದ ಕೆ.ಆರ್. ಪೇಟೆಯ ಕಡೆಗೆ ಖಾಸಗಿ ಬಸ್ಸು. ಯಜಮಾನರು ಕಿಟಕಿಯ ಪಕ್ಕ, ನಾನು ತೂಕಡಿಸುತ್ತಿದ್ದೆ.

"ಕೆಂಬೂತ! ನೋಡೇ, ಕೆಂಬೂತ!" ಎಂದು ಅವರು ಕಿರುಚಿದರು. ನಾನು ಕಣ್ಣು ಬಿಡುವಷ್ಟರಲ್ಲಿ ಬೇಲಿ ಹಿಂದಕ್ಕೆ ಹೋಗಿತ್ತು. ನಾನು ನೋಡದಿದ್ದರೆ ಲೆಕ್ಕಕ್ಕಿಲ್ಲ. ಆಗಲೇ ಎಪ್ಪತ್ತಾರಕ್ಕೆ ನಿಂತಿದ್ದ ಪಟ್ಟಿ. "ನಿಲ್ಸಿ! ನಿಲ್ಸಿ!" ಎಂದು ಎದ್ದು ನಿಂತರು.

ಡ್ರೈವರ್ ಸಾಹೇಬರು ಬ್ರೇಕು ಹಾಕಿದರು. "ಅರೆ, ಕ್ಯಾ ಹುವಾ? ಯಾರಿಗೇನಾಯ್ತು?"

ಕಂಡಕ್ಟರು ಹಿಂದಕ್ಕೆ ಇಣುಕಿ, "ರತ್ನಪಕ್ಷಿಯಂತೆ ಕಣ್ರಪ್ಪೋ!" ಎಂದ.

ನಮ್ಮ ಕಡೆ ಕೆಂಬೂತವನ್ನೇ ರತ್ನಪಕ್ಷಿ ಎನ್ನುವುದು. ಹೊರಟ ದಾರಿಯಲ್ಲಿ ಅದನ್ನು ಕಂಡರೆ ಹೋದ ಕೆಲಸ ಹಣ್ಣು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಬಸ್ಸಿನ ಎರಡು ಬಾಗಿಲೂ ಸಾಲದಾಯಿತು. ಹೆಣ್ಣು ನೋಡಲು ಹೊರಟಿದ್ದ ಒಂದು ಕುಟುಂಬ ಮೊದಲು ಇಳಿಯಿತು. ಕೋರ್ಟಿಗೆ ಹೊರಟಿದ್ದ ಇಬ್ಬರು ಇಳಿದರು, ಒಬ್ಬರ ಮೇಲೊಬ್ಬರು ವ್ಯಾಜ್ಯ ಹಾಕಿದವರಂತೆ, ಇಬ್ಬರಿಗೂ ಶಕುನ ಬೇಕು.

"ಶಕುನ ನಿಮ್ದು, ಟೈಮಿಂಗ್ ನಂದು! ಹತ್ರೀ ಎಲ್ಲಾ!" ಎಂದು ಡ್ರೈವರ್ ಸಾಹೇಬರು ಹಾರನ್ನು ಒತ್ತಿದರು. ಯಾರೂ ಕದಲಲಿಲ್ಲ. ಎರಡು ನಿಮಿಷ ಬಿಟ್ಟು ತಾವೂ ಇಳಿದು ಬಂದು ಮೆತ್ತಗೆ, "ಎಲ್ಲಿದೆ ಸಾಬ್? ನಂದೂ ಮಗಳ ಮದುವೆ ಮಾತುಕತೆ ನಡೀತಾ ಇದೆ" ಎಂದರು.

ಕೆಂಬೂತ ಬೇಲಿಯೊಳಗಿಂದ ಒಂದು ಸಲ ಗಂಭೀರವಾಗಿ ಹೊರಬಂದು, ಅಷ್ಟೊಂದು ಜನರನ್ನು ಕೆಂಪು ಕಣ್ಣಿನಲ್ಲಿ ನೋಡಿ, ಮತ್ತೆ ಒಳಗೆ ಹೋಯಿತು. ಎಲ್ಲರೂ ಕೈಮುಗಿದರು. ನಾನು ಸಹಿ ಹಾಕಿದೆ. ಎಪ್ಪತ್ತೇಳು.

ಎಲ್ಲರೂ ಹತ್ತಿದೆವು. ಸಾಹೇಬರು ಚಾವಿ ತಿರುಗಿಸಿದರು. ಬಸ್ಸು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು, ಕೆಮ್ಮೂ ಇಲ್ಲ. ಮತ್ತೆ ಎಲ್ಲರೂ ಇಳಿದು ತಳ್ಳತೊಡಗಿದೆವು. ಏರುದಾರಿ, ಬಸ್ಸು ಅಲುಗದು. ಒಳಗೆ ನೋಡಿದರೆ ಹೊಣಕೆರೆಯ ಕಡೆಯ ಒಂದು ಅಜ್ಜಿ ಎಲೆಯಡಿಕೆ ಹಾಕಿಕೊಂಡು ಆರಾಮಾಗಿ ಕೂತಿದೆ.

"ಅಜ್ಜೀ, ಒಸಿ ಕೆಳಗಾದ್ರೂ ಇಳಿಯಮ್ಮೋ, ಭಾರ ಕಮ್ಮಿ ಆಯ್ತದೆ!" ಎಂದು ಕಂಡಕ್ಟರು ಕೂಗಿದ.

ಅಜ್ಜಿ ಕಿಟಕಿಯಿಂದ ತುಪುಕ್ಕನೆ ಉಗಿದು ಹೇಳಿತು: "ಶಕುನ ನೋಡ್ದೋರ್ ನೀವು, ನೀವ್ ತಳ್ಳಿ. ನಾನ್ ನೋಡ್ನಿಲ್ಲ, ಅದ್ಕೇ ಸುಖವಾಗ್ ಕೂತಿವ್ನಿ."

ಇನ್ನೊಂದೇ ಒಂದು

ಕೊನೆಯ ಎರಡು ಬೆಳಗು ನನ್ನ ತವರಿನಲ್ಲಿ, ಅಕ್ಕಿಹೆಬ್ಬಾಳಿನ ಹತ್ತಿರ. ಅಣ್ಣ, ಅತ್ತಿಗೆ ಕಾಯುತ್ತಿದ್ದರು. ಹೇಮಾವತಿ ನನ್ನ ಮಾನ ಕಾದಳು. ಆರನೆಯ ಬೆಳಗು ಮುಗಿದಾಗ ತೊಂಬತ್ತೊಂಬತ್ತು!

ಇನ್ನೊಂದೇ ಒಂದು. ಅದು ಯಾವುದೆಂದೂ ಯಜಮಾನರು ನಿಶ್ಚಯಿಸಿದ್ದರು. ಗೌಜಲಹಕ್ಕಿ, ಬೇಲಿಯ ಬುಡದಲ್ಲಿ ಅವಿತು ಓಡಾಡುವ ಪುಟ್ಟ ಕೋಳಿಯಂಥದು. ಅದರ ಕೂಗು ಆರು ದಿನವೂ ಎಲ್ಲ ಬೇಲಿಯಿಂದಲೂ ಕೇಳಿಸಿತ್ತು. ಹತ್ತಿರ ಹೋದರೆ ಆಚೆ ಬೇಲಿಯಲ್ಲಿ ಕೂಗುತ್ತಿತ್ತು. ಆದರೆ ಪಣದಲ್ಲಿ ಕಿವಿಗೆ ಬೆಲೆಯಿಲ್ಲ.

ಇನ್ನೊಂದು ವಿಷಯ ಹೇಳಬೇಕು. ದುರ್ಬೀನು ಬಂದಾಗಿನಿಂದ ಯಜಮಾನರು ರೆಕ್ಕೆಯಿರುವ ಯಾವುದನ್ನೂ ತಿನ್ನುತ್ತಿರಲಿಲ್ಲ. ಮಾವನ ಮನೆಯಲ್ಲಿ ಇದನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚ. ಅಳಿಯ ಬಂದಾಗ ಕೋಳಿ ಕುಯ್ಯದಿದ್ದರೆ ಅತ್ತಿಗೆಗೆ ಅವಮಾನ. ಬಂದ ದಿನ ಕೇಳಿದಳು, "ಹೊಟ್ಟೆ ಸರಿಯಿಲ್ಲಮ್ಮ" ಎಂದರು. ಮಾರನೆಯ ಸಂಜೆ ಮತ್ತೆ ಕೇಳಿದಳು. ಪಾಪ, ಇವರ ತಲೆಯೆಲ್ಲ ಪಟ್ಟಿಯಲ್ಲಿತ್ತು. "ಕೋಳಿ ಬೇಡಮ್ಮ. ನನಗೀಗ ಗೌಜಲಹಕ್ಕಿ ಒಂದೇ ಯೋಚನೆ. ಒಂದು ವಾರದಿಂದ ಹೊಳೆ ಉದ್ದಕ್ಕೂ ಅಲೆದಿದ್ದೀನಿ. ಅದೊಂದು ಸಿಕ್ಕಿಬಿಟ್ಟರೆ ತೃಪ್ತಿಯಾಗಿ ಊರಿಗೆ ಹೋಗ್ತೀನಿ" ಎಂದರು.

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಅಣ್ಣನ ಮುಖ ನೋಡಿದಳು. ನಾನು ಆಗಲೇ ಬಾಯಿ ಹಾಕಬೇಕಿತ್ತು. ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.

ಏಳನೆಯ ಬೆಳಗು ಐದಕ್ಕೇ ಹೊಳೆಗೆ ಹೋದೆವು. ಬಲಗಡೆ ಕೂಗು, ಎಡಗಡೆ ಕೂಗು, ಕಣ್ಣಿಗೆ ಒಂದೂ ಇಲ್ಲ. ಮಧ್ಯಾಹ್ನ ಮೂರಕ್ಕೆ ರೈಲು. ಹನ್ನೊಂದಕ್ಕೆ ಸೋತು ವಾಪಸು ಬಂದೆವು. ಯಜಮಾನರು ದುರ್ಬೀನನ್ನು ಕತ್ತಿನಿಂದ ತೆಗೆದು, ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ, ಅದರ ಗಾಜನ್ನು ಪಂಚೆಯಿಂದ ಒರೆಸುತ್ತಿದ್ದರು.

ಅಣ್ಣ ಜಗಲಿಯಲ್ಲೇ ನಿಂತಿದ್ದ, ಮುಖದ ತುಂಬ ನಗು. "ಬನ್ನಿ ಭಾವ, ಬನ್ನಿ! ಸಿಕ್ತು ನಿಮ್ ಗೌಜಲಕ್ಕಿ!"

"ಶ್! ಮೆತ್ತಗೆ ಮಾತಾಡಿ, ಹಾರಿಹೋಗುತ್ತೆ!" ಎಂದು ಯಜಮಾನರು ಅಲ್ಲೇ ಚಪ್ಪಲಿ ಬಿಟ್ಟು ದುರ್ಬೀನು ಕಣ್ಣಿಗೆ ಹಿಡಿದರು. "ಯಾವ ಕಡೆ?"

"ಇನ್ನೆಲ್ಲಿಗ್ ಆರೋಯ್ತದೆ ಭಾವ. ಒಳೀಕ್ ಬನ್ನಿ."

ಅವರು ತುದಿಗಾಲಿನಲ್ಲಿ ಪಡಸಾಲೆ ದಾಟಿದರು. ನಾನು ಅವರ ಹಿಂದೆ ಉಸಿರು ಬಿಗಿಹಿಡಿದುಕೊಂಡು. ಹಿತ್ತಿಲ ಬಾಗಿಲ ಕಡೆ ತಿರುಗುವಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಎದುರಾದಳು. ಎರಡು ಕೈಯಲ್ಲೂ ಹೊಗೆಯಾಡುವ ಸಾರಿನ ಪಾತ್ರೆ. ಯಜಮಾನರು ದುರ್ಬೀನಿನಲ್ಲೇ ಪಾತ್ರೆಯೊಳಗೆ ನೋಡಿದರು.

"ಕೋಳಿ ಯಾಕ್ ಬ್ಯಾಡ ಅಂದ್ರಿ ಅಂತ ರಾತ್ರೀನೇ ಅರ್ಥ ಆಯ್ತು ಬುಡಿ" ಎಂದ ಅಣ್ಣ. "ಆಸೆ ಇದ್ರೆ ಬಾಯ್ ಬುಟ್ಟು ಯೋಳದಲ್ವಾ? ಬಂದ್ ದಿನಾನೇ ಉರುಳು ಹಾಕುಸ್ತಿದ್ದೆ. ಈ ವಯಸ್ನಾಗೆ ಒಂದ್ ವಾರ ಹೊಳೆ ಉದ್ದಕ್ಕೂ ಅಲೀಬೇಕಾಗಿತ್ತಾ?"

ಅಳಿಯ ತಟ್ಟೆಯ ಮುಂದಿನಿಂದ ಉಣ್ಣದೆ ಏಳುವಂತಿಲ್ಲ. ಅತ್ತಿಗೆ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಯಜಮಾನರು ನನ್ನನ್ನು ನೋಡಿದರು, ನಾನು ತೊಲೆ ನೋಡಿದೆ. ಕೊನೆಗೆ ಕಣ್ಣುಮುಚ್ಚಿಕೊಂಡು ಮುದ್ದೆ ಮುರಿದು ಅದ್ದಿ ನುಂಗಿದರು. ಮುಚ್ಚಿದ ಕಣ್ಣಿನಿಂದ ಒಂದು ಹನಿ ಇಳಿಯಿತು.

"ನೋಡಿದ್ರಾ" ಎಂದಳು ಅತ್ತಿಗೆ ಅಣ್ಣನಿಗೆ ಮೆಲ್ಲಗೆ, "ಆಸೆಪಟ್ಟಿದ್ದು ಸಿಕ್ಕಿದ್ರೆ ಕಣ್ಣಾಗ್ ನೀರೇ ಬತ್ತದೆ."

ಅಕ್ಕಿಹೆಬ್ಬಾಳಿನ ಸ್ಟೇಷನ್ನಿನಲ್ಲಿ ಒಂದೇ ಬೆಂಚು. ಅಲ್ಲಿ ಕೂತು ಯಜಮಾನರು ಪುಸ್ತಕ ತೆಗೆದು 'ನೂರು. ಗೌಜಲಹಕ್ಕಿ' ಎಂದು ಬರೆದು, ಸಹಿ ಹಾಕಿ, ಪೆನ್ನು ನನಗೆ ಕೊಟ್ಟರು.

"ಇದೇನು ಅನ್ಯಾಯ!" ಎಂದೆ.

"ಇಬ್ಬರೂ ಕಣ್ಣಾರೆ ನೋಡಬೇಕು ಅಂತ ತಾನೆ ಷರತ್ತು? ನೀನು ನೋಡಲಿಲ್ವಾ?"

"ನೋಡಿದೆ."

"ನಾಲ್ಕು ತಾಲ್ಲೂಕಿನ ಒಳಗೇ ತಾನೆ?"

"ಹೌದು. ಆದರೆ ಅದಕ್ಕೆ ಜೀವ ಇರಬೇಕಲ್ಲ!"

"ಷರತ್ತಿನಲ್ಲಿ ಹಾಗೆ ಹೇಳಿಲ್ಲ" ಎಂದು ಅವರು ಹಳಿಯ ಕಡೆ ಮುಖ ತಿರುಗಿಸಿದರು. "ನಾನು ಅಷ್ಟು ಸಂಕಟಪಟ್ಟು ನುಂಗಿದ್ದು ಸುಮ್ಮನೆ ಹೋಗಬೇಕಾ?"

ಸಹಿ ಹಾಕದಿದ್ದರೆ ತವರಿಗೆ ಒಂದು ಹಕ್ಕಿ ಕಡಿಮೆ. ಸುಮ್ಮನೆ ಹಾಕಿದರೆ ನನ್ನ ಸಹಿಗೆ ಬೆಲೆಯಿಲ್ಲ. 'ನೋಡಿಲ್ಲ' ಎಂದರೂ ಸುಳ್ಳೇ. ಸಿಗ್ನಲ್ಲಿನ ಕೈಮರ ಇಳಿಯಿತು, ರೈಲು ಕೂಗಿತು. ನಾನು ಒಂದು ಸಾಲು ಬರೆದು ಅದರ ಕೆಳಗೆ ಸಹಿ ಹಾಕಿದೆ.

ನಾಗಪುರದಲ್ಲಿ ಮೇಷ್ಟ್ರು ಪುಸ್ತಕವನ್ನು ಒಂದರಿಂದ ಬೆರಳಿಟ್ಟು ನೋಡುತ್ತಾ ಹೋದರು. ನೂರಕ್ಕೆ ಬಂದು, "ವಹಿನಿ, ಇಲ್ಲಿ ಕನ್ನಡದಲ್ಲಿ ಏನೋ ಬರೆದಿದ್ದೀರಲ್ಲ, ಏನಿದು?" ಎಂದರು. ಮರಾಠಿಯಲ್ಲಿ ಹೇಳಿದೆ. ಅವರು ನಗುತ್ತಾ ಉಯ್ಯಾಲೆಯ ಮೇಲೆ ಕುಸಿದು ಕೂತರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಹಕ್ಕಿ ಅರ್ಧವೇ ಲೆಕ್ಕಕ್ಕೆ, ಆದರೆ ಇಂಥ ಸಾಕ್ಷಿಯ ಮುಂದೆ ದುರ್ಬೀನು ಇಟ್ಟುಕೊಂಡರೆ ನನಗೆ ಪಾಪ ಸುತ್ತುತ್ತದೆ" ಎಂದು ಅದನ್ನು ಯಜಮಾನರ ಕತ್ತಿಗೆ ತಾವೇ ಹಾಕಿದರು. ಯಜಮಾನರು ಇದ್ದಷ್ಟು ದಿನ ಆ ಪುಟವನ್ನು ಬೇರೆ ಯಾರಿಗೂ ತೋರಿಸಲಿಲ್ಲ. ಈಚೆಗೆ ಪೆಟ್ಟಿಗೆ ತೆಗೆದು ನೋಡಿದರೆ ಪುಸ್ತಕವನ್ನು ಗೆದ್ದಲು ತಿಂದಿದೆ, ನೂರನೆಯದನ್ನೂ ಬಿಟ್ಟಿಲ್ಲ.

ಪುಟ್ಟೀ, ಬಾ ಇಲ್ಲಿ. ಆ ಸಾಲು ನನಗೆ ಬಾಯಿಗೆ ಬರುತ್ತದೆ. ನಿಮ್ಮಜ್ಜಿ ಸುಳ್ಳಿಗೆ ಸಹಿ ಹಾಕಿದಳು ಅಂತ ಆಗಬಾರದು. ಪೆನ್ನು ತಗೋ, ಒಂದಕ್ಷರ ಬಿಡದೆ ಬರೆ: 'ನೋಡಿದ್ದು ನಿಜ. ಖಾರ ಹದವಾಗಿತ್ತು, ಉಪ್ಪು ಒಂದು ಕಲ್ಲು ಹೆಚ್ಚು.'